ಹೆಸರು ಹೊಡೆದುಹಾಕುವ ಕೈ ಯಾರದು?

ಏಜೆಂಟ್ ಅಂದರೆ ಯಾರು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕೇರಿಯಲ್ಲಿ ಹುಟ್ಟಿದ ನಾವು ಏಜೆಂಟರನ್ನು ನೋಡುತ್ತಲೇ ಬೆಳೆದವರು. ಕಡಲೆಕಾಯಿ ಚೀಲ ಮಂಡಿಗೆ ಹೋದರೆ ಅಲ್ಲೊಬ್ಬ. ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದರೆ ಟವಲಿನ ಕೆಳಗೆ ಬೆರಳು ಹಿಡಿಯುವವನೊಬ್ಬ. ವಿಧವಾ ವೇತನ ಮಾಡಿಸಿಕೊಡ್ತೀನಿ ಅಂತ ಮೊದಲ ತಿಂಗಳ ದುಡ್ಡು ಕೇಳುವವನೊಬ್ಬ. ನಮ್ಮ ಹೆಣ್ಣುಮಕ್ಕಳನ್ನು ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿಸಿ ತಲೆಗಿಷ್ಟು ಅಂತ ಎಣಿಸಿಕೊಳ್ಳುವವನೊಬ್ಬ. ಇವರೆಲ್ಲ ನಮ್ಮನ್ನು ಸುಲಿದವರೇ. ಆದರೂ ಒಂದು ಮಾತು ಒಪ್ಪಬೇಕು. ಇವರಿಗೆ ಒಂದು ಹೆಸರಿತ್ತು, ಒಂದು ಮನೆಯಿತ್ತು, ಮನೆಗೊಂದು ಬಾಗಿಲಿತ್ತು. ಮೋಸ ಆದರೆ ನಾಲ್ಕು ಜನ ಹೋಗಿ ಆ ಬಾಗಿಲು ತಟ್ಟಬಹುದಿತ್ತು. ಬೇಕಾದರೆ ಕೊರಳಪಟ್ಟಿ ಹಿಡಿಯಬಹುದಿತ್ತು.

ಈಗ ಬರುತ್ತಿರುವ ಹೊಸ ಏಜೆಂಟನಿಗೆ ಕೊರಳೇ ಇಲ್ಲ.

ಇದನ್ನು ಎಐ ಏಜೆಂಟ್ ಅನ್ನುತ್ತಾರೆ. ಕೃತಕ ಬುದ್ಧಿಮತ್ತೆಯ ಏಜೆಂಟ್. ಪೇಟೆಯ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಸಭೆ ಸೇರಿ, ಸೂಟುಬೂಟಿನ ಜನ ಇದರ ಗುಣಗಾನ ಮಾಡುತ್ತಿದ್ದಾರೆ. ಅವರ ಮಾತಿನ ಹೊಟ್ಟು ತೂರಿ ನೋಡಿದರೆ ಉಳಿಯುವ ಕಾಳು ಇಷ್ಟು. ಕಂಪನಿಗಳಲ್ಲಿ, ಕಾರ್ಖಾನೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಹಾಜರಿ ಪುಸ್ತಕ ಕಾಗದ ಬಿಟ್ಟು ಎಷ್ಟೋ ಕಾಲವಾಯಿತು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ರಜೆ ಉಳಿದಿದೆ, ಪಿಎಫ್ ಎಷ್ಟು ಕಟ್ಟಿದೆ, ಯಾರಿಗೆ ನೋಟೀಸು ಹೋಗಿದೆ, ಎಲ್ಲವೂ ಒಂದು ತಂತ್ರಾಂಶದ ಹೊಟ್ಟೆಯೊಳಗಿದೆ. ನಮ್ಮ ರಾಜ್ಯ ಸರ್ಕಾರವೇ ತನ್ನ ನೌಕರರ ಸಂಬಳದ ಲೆಕ್ಕವನ್ನು ವರ್ಷಗಳಿಂದ ಎಚ್‌ಆರ್‌ಎಂಎಸ್ ಎಂಬ ಇಂಥದೇ ತಂತ್ರಾಂಶದಲ್ಲಿ ಇಟ್ಟುಕೊಂಡು ಬಂದಿದೆ. ಇಷ್ಟು ದಿನ ಇಂಥ ತಂತ್ರಾಂಶದ ಮುಂದೆ ಒಬ್ಬ ಗುಮಾಸ್ತ ಕೂತಿರುತ್ತಿದ್ದ. ಈಗ ಆ ಕುರ್ಚಿಯಲ್ಲಿ ಏಜೆಂಟನನ್ನು ಕೂರಿಸುತ್ತಿದ್ದಾರೆ. ತಂತ್ರಾಂಶಕ್ಕೆ ಒಂದು ಹಿತ್ತಿಲ ಬಾಗಿಲು ತೆಗೆದು, ಅದರ ಕೀಲಿಯನ್ನು ಈ ಯಂತ್ರದ ಕೈಗೆ ಕೊಡುತ್ತಾರೆ.

ಈ ಕೀಲಿಯಲ್ಲಿ ಎರಡು ಬಗೆ ಉಂಟು. ಇದನ್ನು ನಮ್ಮ ಜನ ಚೆನ್ನಾಗಿ ನೆನಪಿಡಬೇಕು. ಒಂದು ಓದುವ ಕೀಲಿ, ಇನ್ನೊಂದು ಬರೆಯುವ ಕೀಲಿ. ಓದುವ ಕೀಲಿ ಇದ್ದರೆ ಏಜೆಂಟ್ ಪುಸ್ತಕ ನೋಡಿ ಹೇಳಬಹುದು, ಅಷ್ಟೆ. ಬರೆಯುವ ಕೀಲಿ ಇದ್ದರೆ ಗೈರುಹಾಜರಿ ಹಾಕಬಹುದು, ರಜೆ ತಿರಸ್ಕರಿಸಬಹುದು, ಕೂಲಿ ಕಡಿಯಬಹುದು, ನೋಟೀಸು ಕಳಿಸಬಹುದು, ಹೆಸರನ್ನೇ ಹೊಡೆದುಹಾಕಬಹುದು.

ಆ ಕುರ್ಚಿಯಲ್ಲಿ ಕೂತದ್ದು ಎಂಥ ಬುದ್ಧಿ? ಕೋಟಿಗಟ್ಟಲೆ ಪುಟಗಳನ್ನು ಅರೆದು ಕುಡಿದು, ಯಾವ ಮಾತಿನ ಹಿಂದೆ ಯಾವ ಮಾತು ಬರಬಹುದು ಅಂತ ಲೆಕ್ಕ ಹಾಕಿ ಉತ್ತರ ಕಟ್ಟುವ ಯಂತ್ರ ಅದು. ಎಷ್ಟೋ ಕೆಲಸವನ್ನು ನಾವು ಬೆರಗಾಗುವ ಹಾಗೆ ಮಾಡುತ್ತದೆ, ಸುಳ್ಳೇಕೆ ಹೇಳಬೇಕು. ಆದರೆ ಸರಿ ಹೇಳುವಾಗ ಯಾವ ದನಿಯೋ ತಪ್ಪು ಹೇಳುವಾಗಲೂ ಅದೇ ದನಿ. ಅದಕ್ಕೆ ಓದಲು ಕೊಟ್ಟ ಕಡತದೊಳಗೆ ಯಾರಾದರೂ ಕಳ್ಳತನದಿಂದ ಒಂದು ಸಾಲು ಸೇರಿಸಿಟ್ಟರೆ, ಅದನ್ನೇ ಯಜಮಾನನ ಅಪ್ಪಣೆ ಅಂತ ತಿಳಿದು ನಡೆಸಿಬಿಡುವುದೂ ಉಂಟು. ಇಂಥದರ ಕೈಗೆ ದುಡಿಯುವವರ ಅನ್ನದ ಪುಸ್ತಕವನ್ನೂ ಅದರ ಜೊತೆಗೆ ಬರೆಯುವ ಕೀಲಿಯನ್ನೂ ಕೊಡಬಹುದೇ? ಇದು ನಮ್ಮ ಪ್ರಶ್ನೆ.

ಆ ತಂತ್ರಾಂಶದ ಹೆಸರನ್ನು ಒಮ್ಮೆ ಕೇಳಿ. ಮಾನವ ಸಂಪನ್ಮೂಲ ನಿರ್ವಹಣೆ. ಸಂಪನ್ಮೂಲ ಅಂದರೆ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗುಡ್ಡದ ಅದಿರು ಸಂಪನ್ಮೂಲ. ಹಳ್ಳದ ಮರಳು ಸಂಪನ್ಮೂಲ. ಬೋರಿನ ನೀರು ಸಂಪನ್ಮೂಲ. ಇವನ್ನೆಲ್ಲ ಅಗೆದರು, ತೋಡಿದರು, ಲಾರಿಗೆ ತುಂಬಿದರು, ಬರಿದಾದ ಮೇಲೆ ಬಿಟ್ಟು ಹೋದರು. ಅದೇ ಸಾಲಿನಲ್ಲಿ ಮನುಷ್ಯನನ್ನೂ ನಿಲ್ಲಿಸಿದ್ದಾರೆ. ಅದಿರಿಗೆ ಬಾಯಿಲ್ಲ. ನಮಗಿದೆ.

ಪುಸ್ತಕ ಹಿಡಿದವನ ಕೈಯಲ್ಲಿ ಊರಿರುತ್ತದೆ. ಇದು ನಮ್ಮ ಅಜ್ಜಂದಿರು ಬೆನ್ನಿನ ಮೇಲೆ ಬರೆಸಿಕೊಂಡು ಕಲಿತ ಪಾಠ. ಶಾನುಭೋಗನ ಕಿರ್ದಿಯಲ್ಲಿ ಏನಿದೆಯೋ ಅದೇ ಸತ್ಯ. ಓದು ಬಾರದ ತೋಟಿ, ತಳವಾರ, ನೀರಗಂಟಿ ಹಗಲು ರಾತ್ರಿ ಓಡಾಡಿ ಚಾಕರಿ ಮಾಡಿದರು. ಅವರಿಗೆ ಹೊತ್ತಿಲ್ಲ, ರಜೆಯಿಲ್ಲ, ಗೊತ್ತಾದ ಸಂಬಳವಿಲ್ಲ. ಯಾಕೆ ಅಂತ ಕೇಳಿದರೆ ಪುಸ್ತಕದಲ್ಲಿ ಹಾಗಿದೆ ಅನ್ನುವ ಉತ್ತರ. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರರ ವತನಿ ಚಾಕರಿಯ ವಿರುದ್ಧ ಮಸೂದೆ ಮಂಡಿಸಿದ್ದು ಇದೇ ಜೀತಕ್ಕಾಗಿ. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗಿಕೆಯೂ ಹೋಯಿತು, ವಂಶಪಾರಂಪರ್ಯದ ತೋಟಿಕೆಯೂ ಕಾನೂನಿನಲ್ಲಿ ಹೋಯಿತು. ಆದರೆ ಪುಸ್ತಕ ಹೋಗಲಿಲ್ಲ. ಅದು ಮೇಸ್ತ್ರಿಯ ಕೈಗೆ ಬಂತು, ಗುತ್ತಿಗೆದಾರನ ಕೈಗೆ ಬಂತು, ಕಂಪ್ಯೂಟರಿನ ಒಳಗೆ ಹೋಯಿತು. ಈಗ ಏಜೆಂಟನ ಕೈಗೆ ಹೊರಟಿದೆ.

ನಮ್ಮ ಕೇರಿಯ ಅಕ್ಕ ಒಬ್ಬಳ ಕಥೆ ಹೇಳುತ್ತೇವೆ. ಅವಳ ಹೆಸರು ಬೇಡ, ಅವಳು ದುಡಿಯುವ ಕಾರ್ಖಾನೆಯ ಹೆಸರೂ ಬೇಡ. ಹೆಸರು ಹೇಳಿದರೆ ಇರುವ ಕೂಲಿಯೂ ಹೋದೀತು. ಅವಳು ವರ್ಷಗಳಿಂದ ಬೆಂಗಳೂರಿನಲ್ಲಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತವಳು. ಒಂದು ರಾತ್ರಿ ಊರಿಂದ ಫೋನು ಬಂತು, ತಾಯಿ ತೀರಿಕೊಂಡಳು ಅಂತ. ಸೂಪರ್‌ವೈಸರನಿಗೆ ಬಾಯಲ್ಲಿ ಹೇಳಿದಳು. ಅವನು, ಈಗ ರಜೆ ಎಲ್ಲ ಫೋನಿನಲ್ಲೇ ಕೇಳಬೇಕು ಅಂದ. ಪಕ್ಕದ ಹುಡುಗಿಯ ಕೈಲಿ ಬರೆಸಿದಳು. ಇಂಗ್ಲಿಷಿನಲ್ಲಿ ಒಂದು ಉತ್ತರ ಬಂತು. ಬಂತಲ್ಲ, ರಜೆ ಸಿಕ್ಕಿತು ಅಂದುಕೊಂಡು ಬಸ್ಸು ಹತ್ತಿದಳು. ಮಣ್ಣು ಮಾಡಿ, ತಿಥಿ ಮುಗಿಸಿ, ಹನ್ನೆರಡನೇ ದಿನ ಕಾರ್ಖಾನೆಗೆ ಹೋದರೆ ಗೇಟಿನಲ್ಲಿ ಕಾರ್ಡು ತಗೊಳ್ಳಲಿಲ್ಲ. ಇಂಗ್ಲಿಷಿನ ಆ ಉತ್ತರದಲ್ಲಿ ಇದ್ದದ್ದು, ಸಾವಿನ ದಾಖಲೆ ಲಗತ್ತಿಸಿ ಮತ್ತೆ ಕೇಳಿ ಅಂತ. ಕೇಳಲಿಲ್ಲವಾದ್ದರಿಂದ ಯಂತ್ರ ತಾನೇ ಹೇಳದೆ ಕೇಳದೆ ಗೈರು ಅಂತ ಬರೆದುಕೊಂಡಿತ್ತು. ತಾಯಿ ಸತ್ತ ರಾತ್ರಿ ಮರಣ ಪತ್ರ ಎಲ್ಲಿಂದ ತರಬೇಕು?

ಅವಳು ಆಫೀಸಿಗೆ ಹೋದಳು. "ನಾನೇನು ಮಾಡ್ಲಿ ಅಕ್ಕಾ, ಸಿಸ್ಟಮ್ ತಗೊಂಡಿಲ್ಲ" ಅಂದಳು ಅಲ್ಲಿನ ಹುಡುಗಿ. ಸೂಪರ್‌ವೈಸರು, "ನಾನು ಆಗ್ಲೇ ಹೇಳಿದ್ನಲ್ಲಮ್ಮ, ಫೋನಲ್ಲಿ ಹಾಕು ಅಂತ" ಅಂದ. ಮ್ಯಾನೇಜರು, ಸಾಫ್ಟ್‌ವೇರಿನವರಿಗೆ ಬರೆದಿದ್ದೇವೆ, ನೋಡೋಣ ಅಂದ. ನಾಲ್ಕು ದಿನ ಅಲೆದ ಮೇಲೆ ಒಳಗೆ ಬಿಟ್ಟರು. ಅಷ್ಟೂ ದಿನದ ಕೂಲಿ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಆಗ ಅವಳು ಕೇಳಿದ ಒಂದು ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: "ಹಂಗಾರೆ ನನ್ನ ಹೆಸರು ಹೊಡೆದೋರು ಯಾರು ಸಾರ್? ಅವರನ್ನ ತೋರ್ಸಿ, ನಾನೇ ಮಾತಾಡ್ತೀನಿ."

ತೋರಿಸಲು ಯಾರೂ ಇರಲಿಲ್ಲ. ಇದೇ ಈ ಏಜೆಂಟಿನ ನಿಜವಾದ ಉಪಯೋಗ. ಕೆಲಸ ಬೇಗ ಆಗುತ್ತದೆ ಅನ್ನುವುದು ಮೇಲಿನ ಮಾತು. ಒಳಗಿನ ಮಾತು ಬೇರೆ. ಅನ್ಯಾಯ ಮಾಡಿದವನು ಯಾರು ಅಂತ ಗೊತ್ತಾಗಬಾರದು. ಹಿಂದೆ ಇದೇ ಕೆಲಸಕ್ಕೆ ಗುತ್ತಿಗೆದಾರನನ್ನು ಇಟ್ಟುಕೊಂಡಿದ್ದರು. ಪೌರಕಾರ್ಮಿಕ ಸಂಬಳ ಕೇಳಿದರೆ ಪಾಲಿಕೆ ಗುತ್ತಿಗೆದಾರನ ಕಡೆ ಕೈ ತೋರಿಸಬೇಕು, ಗುತ್ತಿಗೆದಾರ ಪಾಲಿಕೆಯ ಕಡೆ ತೋರಿಸಬೇಕು. ಗುತ್ತಿಗೆದಾರನಿಗಾದರೂ ಪಾಲು ಕೊಡಬೇಕಿತ್ತು. ಈ ಹೊಸ ಗುತ್ತಿಗೆದಾರ ಪಾಲು ಕೇಳುವುದಿಲ್ಲ, ಸಾಕ್ಷಿ ಹೇಳುವುದಿಲ್ಲ, ಜೈಲಿಗೂ ಹೋಗುವುದಿಲ್ಲ.

ಇದೆಲ್ಲ ಬೆಂಗಳೂರಿನ ಮಾತು, ಹರಿಯಬ್ಬೆಯ ಹೊಲದ ಬದುವಿಗೇನು ಸಂಬಂಧ ಅನ್ನುವವರು ಖಾತ್ರಿ ಕೆಲಸವನ್ನು ನೆನಪು ಮಾಡಿಕೊಳ್ಳಲಿ. ಉದ್ಯೋಗ ಖಾತ್ರಿಯ ತಂತ್ರಾಂಶವೇ ಈ ದೇಶದ ಬಡವರ ಹಾಜರಿ ಪುಸ್ತಕ. 2023ರ ಜನವರಿ 1ರಿಂದ ಆ ಹಾಜರಿಯನ್ನು ಮೊಬೈಲಿನಲ್ಲೇ ಹಾಕಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಮೇಲೆ ಒಂದು ಫೋಟೋ, ಅದರ ಮೇಲೆ ಜಾಗದ ಗುರುತು, ಹೊತ್ತಿನ ಗುರುತು. ಮಣ್ಣು ಹೊತ್ತ ಮೈ ಬೆವರು ಸಾಕ್ಷಿಯಲ್ಲ, ಸಿಗ್ನಲ್ಲು ಸಾಕ್ಷಿ. ಇದರ ವಿರುದ್ಧ ಆ ವರ್ಷ ಕೂಲಿಕಾರರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ದಿನಗಟ್ಟಲೆ ಕೂತರು. ಹೋಗಲಿ, ಕಳ್ಳರಾದರೂ ಸಿಕ್ಕರೇ? 2025ರ ಜುಲೈನಲ್ಲಿ ಅದೇ ಕೇಂದ್ರ ಸಚಿವಾಲಯ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಅಂತ ತಾನೇ ಬರೆಯಿತು. ಕಳ್ಳನಿಗೆ ದಾರಿ ಸಿಕ್ಕಿತು, ಕೂಲಿಯವಳಿಗೆ ಸಿಗ್ನಲ್ ಸಿಗಲಿಲ್ಲ.

ಹೆಸರು ಹೊಡೆಯುವ ಮಾತಿಗೆ ಬರೋಣ. 2021-22ರಲ್ಲಿ ಈ ದೇಶದ ಉದ್ಯೋಗ ಖಾತ್ರಿ ಪಟ್ಟಿಯಿಂದ ಸುಮಾರು 1.49 ಕೋಟಿ ಕೂಲಿಕಾರರ ಹೆಸರು ಅಳಿಸಿದ್ದರು. 2022-23ರ ಒಂದೇ ವರ್ಷದಲ್ಲಿ ಅದು 5.18 ಕೋಟಿಗೆ ಏರಿತು. ಇದು ಸರ್ಕಾರವೇ ಲೋಕಸಭೆಗೆ ಕೊಟ್ಟ ಲೆಕ್ಕ. ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ, ಕಾರ್ಡು ನಕಲಿ, ಕೆಲಸ ಮಾಡಲು ಮನಸ್ಸಿಲ್ಲ ಅಂತ ಕಾರಣ ಕೊಟ್ಟರು. ಒಂದು ವರ್ಷದಲ್ಲಿ ಈ ದೇಶದ ಬಡವರು ಮೂರು ಪಟ್ಟಿಗಿಂತ ಹೆಚ್ಚು ಸತ್ತರೋ, ಇಲ್ಲ ಮೂರು ಪಟ್ಟಿಗಿಂತ ಹೆಚ್ಚು ಸೋಮಾರಿಗಳಾದರೋ? ಅದು ಆಧಾರ್ ಜೋಡಣೆಯನ್ನು ನೂರಕ್ಕೆ ನೂರು ಮುಟ್ಟಿಸುವ ಅವಸರದ ಕಾಲ. ಜೋಡಣೆಯಾಗದ ಹೆಸರು ಅಳಿಸಿದರೆ ನೂರಕ್ಕೆ ನೂರು ತಾನಾಗಿಯೇ ಮುಟ್ಟುತ್ತದೆ! ಇಷ್ಟನ್ನು ಮಾಡಿದ್ದು ಮನುಷ್ಯರ ಬೆರಳು, ಒಂದೊಂದೇ ಗುಂಡಿ ಒತ್ತಿ. ಬರೆಯುವ ಕೀಲಿ ಹಿಡಿದ ಏಜೆಂಟ್ ಕೂತಿದ್ದರೆ ಒಂದು ಮಧ್ಯಾಹ್ನ ಸಾಕಿತ್ತು.

ಇದು ಬರೀ ಅಂಜಿಕೆಯ ಮಾತಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ವಿಬಿ ಜಿ ರಾಮ್ ಜಿ ಎಂದು ಕರೆಯುವ ಹೊಸ ಕಾಯಿದೆಯನ್ನು ಅಂಗೀಕರಿಸಿತು. ನೂರು ದಿನವನ್ನು ನೂರಿಪ್ಪತ್ತೈದು ಮಾಡಿದ್ದೇವೆ ಅಂತ ಡಂಗುರ ಹೊಡೆದರು. ಅದೇ ಕಾಯಿದೆಯಲ್ಲಿ ಬಯೋಮೆಟ್ರಿಕ್ ಗುರುತು, ಕೆಲಸದ ಯೋಜನೆಗೆ, ಲೆಕ್ಕ ತಪಾಸಣೆಗೆ, ಮೋಸ ಪತ್ತೆಗೆ ಕೃತಕ ಬುದ್ಧಿಮತ್ತೆ, ಎಲ್ಲ ಇದೆ. ಮೋಸ ಯಾರದು ಅಂತ ಅದು ಹುಡುಕುತ್ತದೆ? ಬಿಲ್ಲು ಬರೆಯುವವನದೋ, ಗುದ್ದಲಿ ಹಿಡಿದವಳದೋ? ಪಕ್ಕದ ತೆಲಂಗಾಣವನ್ನು ನೋಡಿ. ಅಲ್ಲಿ ಕಂಪ್ಯೂಟರು ಮನೆ ಮನೆಯ ದಾಖಲೆಗಳನ್ನು ತಾಳೆ ಹಾಕಿ ಅನರ್ಹರು ಅಂದದ್ದನ್ನು ನಂಬಿ, ಮನೆಗೆ ಹೋಗಿ ನೋಡದೆ, ಸುಮಾರು 19 ಲಕ್ಷ ರೇಷನ್ ಕಾರ್ಡು ರದ್ದು ಮಾಡಿದ್ದರು. 2022ರಲ್ಲಿ ಸುಪ್ರೀಂ ಕೋರ್ಟು, ಮನೆಗಳಿಗೆ ಹೋಗಿ ಮತ್ತೆ ನೋಡಿ ಬನ್ನಿ ಅಂತ ಹೇಳಬೇಕಾಯಿತು. ಅಷ್ಟರಲ್ಲಿ ಹಸಿದ ಹೊಟ್ಟೆಗಳ ಲೆಕ್ಕ ಯಾವ ಕಂಪ್ಯೂಟರಿನಲ್ಲಿದೆ?

ನಮ್ಮವರೇ ಕೆಲವರು ಹೇಳುತ್ತಾರೆ: "ಯಂತ್ರಕ್ಕೆ ಜಾತಿ ಇಲ್ಲ. ಮೇಲ್ಜಾತಿ ಮ್ಯಾನೇಜರಿಗಿಂತ ಯಂತ್ರವೇ ವಾಸಿ." ಈ ಮಾತಿನ ಹಿಂದಿನ ನೋವು ನಮಗೆ ಗೊತ್ತು. ಸಂದರ್ಶನದಲ್ಲಿ ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ ಕೇರಿ ಕೇಳಿದವರನ್ನು ನಾವೂ ಕಂಡಿದ್ದೇವೆ. ಆದರೆ ಯಂತ್ರ ಕಲಿಯುವುದು ಯಾರ ಪುಸ್ತಕದಿಂದ? ಅದೇ ಮ್ಯಾನೇಜರು ಹಿಂದೆ ಬರೆದಿಟ್ಟ ಪುಸ್ತಕದಿಂದ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳನ್ನು ಜಾಲಿಸಲು ಒಂದು ಯಂತ್ರ ಮಾಡಿಕೊಂಡಿತ್ತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳನ್ನು ಅದಕ್ಕೆ ತಿನ್ನಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಅದನ್ನೇ ನೀತಿ ಅಂತ ಕಲಿತು, ಅರ್ಜಿಯಲ್ಲಿ ಹೆಣ್ಣಿನ ಸುಳಿವು ಕಂಡರೆ ಅಂಕ ಕಡಿಮೆ ಮಾಡತೊಡಗಿತು. ಕಂಪನಿ ಅದನ್ನು ಕೈಬಿಟ್ಟಿತೆಂಬ ಸುದ್ದಿ 2018ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಹೆಣ್ಣನ್ನು ಹಾಗೆ ಕಲಿತ ಯಂತ್ರ ನಮ್ಮ ಕೇರಿಯನ್ನು ಬೇರೆ ರೀತಿ ಕಲಿಯುತ್ತದೆಯೇ? ಜಾತಿ ಅನ್ನುವ ಕಾಲಮ್ಮು ತೆಗೆದರೂ ಊರಿದೆ, ಶಾಲೆಯಿದೆ, ಅಪ್ಪನ ಹೆಸರಿದೆ. ಜಾತಿ ತಿಳಿಯಲು ನಮ್ಮ ದೇಶದಲ್ಲಿ ಅಷ್ಟು ಸಾಲದೇ?

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ಯಂತ್ರ ಬಂದದ್ದರಿಂದಲೇ ಕಳ್ಳ ಪಟ್ಟಿ ಬಯಲಾಯಿತು ಅನ್ನುತ್ತಾರೆ. ಒಪ್ಪುತ್ತೇವೆ. ಬೆಂಗಳೂರಿನ ಕಸದ ಗುತ್ತಿಗೆದಾರರು ಇಲ್ಲದ ಪೌರಕಾರ್ಮಿಕರ ಹೆಸರು ಬರೆದು ಸಂಬಳ ನುಂಗುತ್ತಿದ್ದದ್ದು, 2017ರಲ್ಲಿ ಬೆರಳಚ್ಚಿನ ಹಾಜರಿ ಬಂದ ಮೇಲೆ ಬಯಲಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಮರುವರ್ಷ ಏನಾಯಿತು? ಪಾಲಿಕೆಯೇ ನೇರ ಸಂಬಳ ಕೊಡುತ್ತದೆ ಅಂದ ಅದೇ 2018ರಲ್ಲಿ, ಪಟ್ಟಿ ಸರಿಮಾಡುವ ಗದ್ದಲದ ನಡುವೆ, ನಿಜವಾಗಿ ಬೀದಿ ಗುಡಿಸಿದ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಆ ಜುಲೈನಲ್ಲಿ ಸಂಬಳವಿಲ್ಲದೆ ಕಂಗಾಲಾದ ಒಬ್ಬ ಪೌರಕಾರ್ಮಿಕ ಪ್ರಾಣ ಕಳೆದುಕೊಂಡ. ಕದ್ದವನು ಗುತ್ತಿಗೆದಾರ. ಸತ್ತವನು ಯಾರು?

ಹಾಗಾದರೆ ನಾವು ಯಂತ್ರದ ವೈರಿಗಳೇ? ಅಲ್ಲ. ರಾಟೆಯೇ ಸಾಕು, ಯಂತ್ರ ಬೇಡ ಅನ್ನುವವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ಕೇಡು ಯಂತ್ರದಲ್ಲಿಲ್ಲ, ಯಂತ್ರವನ್ನು ಕೆಲವರ ಲಾಭಕ್ಕೆ ಕಟ್ಟಿಹಾಕಿದ ಸಮಾಜದ ಏರ್ಪಾಡಿನಲ್ಲಿದೆ ಅಂತ ಬಾಬಾಸಾಹೇಬರು ಗಾಂಧೀವಾದಿಗಳಿಗೆ ಉತ್ತರ ಕೊಟ್ಟಿದ್ದರು. ಮಲ ಹೊರುವ ಕೆಲಸಕ್ಕೆ ಯಂತ್ರ ಬರಲಿ ಅಂತ ಗಂಟಲು ಹರಿದುಕೊಂಡವರು ನಾವು. ಗುಂಡಿಗೆ ಇಳಿಯಲು ಇನ್ನೂ ಮನುಷ್ಯನೇ ಬೇಕು, ಮನುಷ್ಯನ ಹೆಸರು ಹೊಡೆಯಲು ಮಾತ್ರ ಜಗತ್ತಿನ ಅತಿ ಬುದ್ಧಿವಂತ ಯಂತ್ರ ಬೇಕೇ? ಇದು ಯಾವ ನ್ಯಾಯ ಸ್ವಾಮಿ?

ಕಂಪನಿಯವರು ಒಂದು ಸಮಾಧಾನ ಹೇಳುತ್ತಾರೆ. ಏಜೆಂಟ್ ಬರೀ ಸಲಹೆ ಕೊಡುತ್ತದೆ, ಕೊನೆಗೆ ಒಪ್ಪಿಗೆ ಒತ್ತುವುದು ಮನುಷ್ಯನೇ ಅಂತ. ಆ ಮನುಷ್ಯನ ಮುಂದೆ ದಿನಕ್ಕೆ ನಾನೂರು ಸಲಹೆ ಬಂದು ಬಿದ್ದರೆ ಅವನು ಓದುತ್ತಾನೆಯೇ? ಒತ್ತುತ್ತಾ ಹೋಗುತ್ತಾನೆ. ನಮ್ಮ ಅಜ್ಜಂದಿರು ಓದಲು ಬಾರದೆ ಸಾಹುಕಾರ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ಈಗ ಓದಲು ಬರುವ ಸಾಹೇಬರೇ ಯಂತ್ರ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾರೆ. ಹೊಲ ಹೋಗುವುದು ಮಾತ್ರ ಈಗಲೂ ನಮ್ಮದೇ.

2016ರ ಏಪ್ರಿಲ್ 18 ಮತ್ತು 19ನ್ನು ನೆನಪು ಮಾಡಿಕೊಳ್ಳಿ. ಪಿಎಫ್ ದುಡ್ಡು ತೆಗೆಯುವುದಕ್ಕೆ ದಿಲ್ಲಿ ಒಂದು ಹೊಸ ನಿಯಮದ ಕಡಿವಾಣ ಹಾಕಿತ್ತು. ಯಾವ ದೊಡ್ಡ ನಾಯಕನೂ ಕರೆ ಕೊಡಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ರಸ್ತೆಗೆ ಬಂದರು. ಲಾಠಿ ಬಿತ್ತು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ಹಿಂದೆ ತೆಗೆದುಕೊಂಡಿತು. ಅಂದು ಗೆದ್ದದ್ದು ಯಾಕೆ? ನಿಯಮಕ್ಕೆ ಒಂದು ಕಾಗದವಿತ್ತು, ಕಾಗದಕ್ಕೆ ಒಂದು ಸಹಿಯಿತ್ತು, ಎಲ್ಲರಿಗೂ ಒಟ್ಟಿಗೇ ಏಟು ಬಿದ್ದಿತ್ತು. ಏಜೆಂಟ್ ಹಾಗೆ ಹೊಡೆಯುವುದಿಲ್ಲ. ಇವತ್ತು ಇವಳ ಒಂದು ದಿನ, ನಾಳೆ ಅವಳ ಒಂದು ರಜೆ, ನಾಡಿದ್ದು ಇನ್ನೊಬ್ಬಳ ಬೋನಸ್ಸು. ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಯಾರ ಸಹಿಯೂ ಇಲ್ಲದೆ. ಇದಕ್ಕೆ ಯಾರ ಮನೆ ಮುಂದೆ ಧರಣಿ ಕೂರೋದು?

ಕಾನೂನು ಕಾಯುತ್ತದೆಯೇ? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ ದುಡಿಯುವವನ ಒಪ್ಪಿಗೆ ಕೇಳದೆಯೂ ಅವನ ಮಾಹಿತಿ ಬಳಸಲು ಮಾಲೀಕನಿಗೆ ದಾರಿ ಬಿಟ್ಟುಕೊಟ್ಟಿದೆ. ಆದರೆ ನಮ್ಮ ರಾಜ್ಯದಲ್ಲೇ ಇನ್ನೊಂದು ಬಾಗಿಲು ತೆರೆದಿದೆ. ಊಟ ತಂದುಕೊಡುವ, ಗಾಡಿ ಓಡಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯಿದೆ, ನಿಮ್ಮ ಮೇಲೆ ಕಣ್ಣಿಟ್ಟು ತೀರ್ಮಾನ ಮಾಡುವ ಯಂತ್ರದ ಬಗ್ಗೆ ನಿಮಗೆ ತಿಳಿಸಬೇಕು ಅನ್ನುತ್ತದೆ. ಕಾರಣ ಬರೆದು, 14 ದಿನ ಮೊದಲೇ ಹೇಳದೆ ಕೆಲಸದಿಂದ ತೆಗೆಯಬಾರದು ಅನ್ನುತ್ತದೆ. ಮೋಟಾರು ಬೈಕಿನ ಹುಡುಗನಿಗೆ ಸಿಕ್ಕ ಈ ಹಕ್ಕು ಹೊಲಿಗೆಯ ಅಕ್ಕನಿಗೆ, ಪೊರಕೆ ಹಿಡಿದ ಅಣ್ಣನಿಗೆ, ಗುದ್ದಲಿ ಹಿಡಿದ ಅವ್ವನಿಗೆ ಯಾಕಿಲ್ಲ?

ಅದಕ್ಕೇ ನಾವು ಕೇಳುತ್ತೇವೆ.

ಒಂದು: ಏಜೆಂಟನಿಗೆ ಓದುವ ಕೀಲಿ ಮಾತ್ರ. ದುಡಿಯುವವರ ಪುಸ್ತಕದಲ್ಲಿ ಬರೆಯುವ ಕೀಲಿ ಯಾವ ಯಂತ್ರಕ್ಕೂ ಬೇಡ.

ಎರಡು: ಗೈರು ಹಾಕುವುದಿರಲಿ, ಕೂಲಿ ಕಡಿಯುವುದಿರಲಿ, ಹೆಸರು ಅಳಿಸುವುದಿರಲಿ, ಒಬ್ಬ ಮನುಷ್ಯ ತನ್ನ ಹೆಸರು, ಹುದ್ದೆ, ಕಾರಣವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಬೇಕು. 14 ದಿನದ ಸಮಯ ಕೊಡಬೇಕು. ಅಲ್ಲಿಯವರೆಗೆ ಕೂಲಿ ನಿಲ್ಲಬಾರದು.

ಮೂರು: ಏಜೆಂಟ್ ಏನು ನೋಡಿತು, ಏನು ಹೇಳಿತು ಅನ್ನುವ ದಾಖಲೆ ಕೇಳಿದ ಕಾರ್ಮಿಕನ ಕೈಗೆ ಸಿಗಬೇಕು. ಖಾತ್ರಿ ಕೆಲಸದ ವಿಷಯದಲ್ಲಿ ಅದನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಬೇಕು.

ನಾಲ್ಕು: ಅದೇ ಏಜೆಂಟ್ ನಮಗೂ ಚಾಕರಿ ಮಾಡಲಿ. ಈ ತಿಂಗಳು ನನಗೆ ಎಷ್ಟು ದಿನ ಬರೆದವ್ರೆ, ಪಿಎಫ್ ಕಟ್ಟವ್ರೋ ಇಲ್ವೋ ಅಂತ ಹರಿಯಬ್ಬೆಯ ಅಕ್ಕ ತನ್ನ ಮಾತಿನಲ್ಲಿ ಕೇಳಿದರೆ, ಅವಳ ಮಾತಿನಲ್ಲೇ ನಿಜ ಹೇಳಲಿ. ಮಾಲೀಕನಿಗೆ ಕಣ್ಣಾಗುವ ಯಂತ್ರ ನಮಗೆ ಬಾಯಾಗಲಿ.

ಕೊನೆಯ ಮಾತು ನಮ್ಮದೇ ಕೇರಿಗಳಿಂದ ಹೋದ ತಮ್ಮಂದಿರಿಗೆ, ತಂಗಿಯರಿಗೆ. ಹಾಸ್ಟೆಲ್ಲಿನ ಅನ್ನ ಉಂಡು, ಅವ್ವನ ಓಲೆ ಅಡವಿಟ್ಟು ಓದಿ ನೀವು ಇಂಜಿನಿಯರುಗಳಾದಿರಿ. ಈ ಕೀಲಿಗಳನ್ನು ಮಾಡುವ ಕೋಣೆಗಳಲ್ಲಿ ಇವತ್ತು ನೀವೂ ಕೂತಿದ್ದೀರಿ. ಏಜೆಂಟನಿಗೆ ಯಾವ ಕೀಲಿ ಕೊಡಬೇಕು ಅಂತ ಕೇಳುವ ಆ ಒಂದು ಜಾಗದಲ್ಲಿ ನಿಮ್ಮ ಬೆರಳು ನಿಲ್ಲುತ್ತದೆಯಲ್ಲ, ಅಲ್ಲಿ ಒಂದು ಗಳಿಗೆ ತಡೆಯಿರಿ. ತಾಯಿಯನ್ನು ಮಣ್ಣು ಮಾಡಿ ಬಂದು ಗೇಟಿನ ಹೊರಗೆ ನಿಂತ ಅಕ್ಕನನ್ನು ನೆನೆಯಿರಿ. ಅವಳು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹೆಸರು ಹೊಡೆದ ಕೈ ಯಾವುದು ಅಂತ ನಾವು ಕೇಳುತ್ತಲೇ ಇರುತ್ತೇವೆ. ಕೈ ತೋರಿಸುವವರೆಗೆ ಗೇಟು ಬಿಟ್ಟು ಕದಲುವುದಿಲ್ಲ.